ಮೈಕ್ ಸೆಟ್ ಕೆಲಸ ಕಲಿಯೋಕೆ 6.5 ಲಕ್ಷ ಫೀ ಕಟ್ಟಬೇಕಾ?

ಪ್ರಶ್ನೆ: ನಮ್ಮದು ಹೊಸದುರ್ಗದ ಹತ್ತಿರ ಒಂದು ಹಳ್ಳಿ. ಸ್ವಲ್ಪ ತೆಂಗು, ಅಡಿಕೆ ಇದೆ. ಮಗ ಸೆಕೆಂಡ್ ಪಿಯುಸಿ ಮುಗಿಸಿದ್ದಾನೆ, ಪಿಸಿಎಂಇ. ಶೇ 68 ಬಂದಿದೆ. ಸಿಇಟಿ ಬರೆದಿದ್ದಾನೆ, ಆದರೆ ಬಿಇಗೆ ಹೋಗಲ್ಲ, ಸೌಂಡ್ ಇಂಜಿನಿಯರ್ ಆಗ್ತೀನಿ ಅಂತ ಹಟ. ಮೂರು ವರ್ಷದಿಂದ ಗಣೇಶನ ಹಬ್ಬ, ಜಾತ್ರೆ ಅಂತ ಊರಿನ ಸೌಂಡ್ಸ್ ಅಂಗಡಿಯವರ ಜೊತೆ ಓಡಾಡ್ತಿದ್ದಾನೆ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಗೆ ಹೋಗಿ ವಿಚಾರಿಸಿದೆವು. ಒಂದು ವರ್ಷದ ಡಿಪ್ಲೊಮಾ, ಫೀ 6.5 ಲಕ್ಷ, ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂದರು. ಸೀಟು ಹೋಗಿಬಿಡುತ್ತೆ ಅಂತ ಅವತ್ತೇ 10,000 ರೂಪಾಯಿ ಬುಕಿಂಗ್ ಕಟ್ಟಿಸಿಕೊಂಡರು. ನಮ್ಮಣ್ಣ, 'ಮೈಕ್ ಸೆಟ್ ಕೆಲಸಕ್ಕೆ ಯಾರಾದರೂ ತೋಟ ಅಡ ಇಡ್ತಾರಾ' ಅಂತ ಬೈತಿದ್ದಾರೆ. ಈ ಕೋರ್ಸಿಗೆ ಬೆಲೆ ಇದೆಯಾ? ಬಿಇ ಇಲ್ಲದೆ ಇಂಜಿನಿಯರ್ ಆಗೋದು ಹೇಗೆ? ಅವನಿಗೆ ಸಂಗೀತ ಬರಲ್ಲ, ಅದು ತೊಂದರೆಯಾ? ದಿನಾ ಅಷ್ಟು ಸೌಂಡ್ ಕೇಳಿದರೆ ಕಿವಿ ಹಾಳಾಗಲ್ವಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಪ್ರಶ್ನೆ ನಾಲ್ಕಿವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವ ಯೋಚನೆ ಒಂದೇ ಅನ್ನಿಸುತ್ತದೆ: ತೋಟದ ಮೇಲೆ ಸಾಲ ಮಾಡಿ ಓದಿಸಿದ ಮೇಲೂ ಮಗ ಊರಿಗೆ ವಾಪಸ್ ಬಂದು ಅದೇ ಅಂಗಡಿಯಲ್ಲಿ ಬಾಕ್ಸ್ ಹೊರುವಂತಾದರೆ? ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಹಾಗೆ ಆದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಾಗಾಗದೆ ಚೆನ್ನಾಗಿ ಬೆಳೆದವರನ್ನೂ ನೋಡಿದ್ದೇನೆ. ಎರಡು ಗುಂಪಿಗೂ ಇರುವ ವ್ಯತ್ಯಾಸ ಯಾವ ಕಾಲೇಜು ಅನ್ನುವುದರಲ್ಲಿ ಕಡಿಮೆ, ಎಷ್ಟು ಹೊತ್ತು ಕೈಯಲ್ಲಿ ಕೆಲಸ ಮಾಡಿದರು ಅನ್ನುವುದರಲ್ಲಿ ಜಾಸ್ತಿ.

ಮೊದಲು ನಿಮ್ಮಣ್ಣನ ಮಾತಿಗೆ ಬರುತ್ತೇನೆ. ನಾನೂ ಸೌಂಡ್ ಇಂಜಿನಿಯರೇ. ಮೈಕ್ ಸೆಟ್ ಕೆಲಸವೂ ನನ್ನ ಕೆಲಸವೂ ಬೇರೆ ಬೇರೆ ಅಂತ ನಾನು ಹೇಳುವುದಿಲ್ಲ. ಎರಡಕ್ಕೂ ಅಡಿಪಾಯ ಒಂದೇ. ಜಾತ್ರೆಯಲ್ಲಿ ನೀವು ಗಮನಿಸಿರುತ್ತೀರಿ. ವೇದಿಕೆಯಿಂದ ದೂರದ ಕಂಬಕ್ಕೆ ಕಟ್ಟಿದ ಹಾರ್ನ್ ಕೆಳಗೆ ನಿಂತರೆ ಒಂದೊಂದು ಮಾತೂ ಎರಡೆರಡು ಸಲ ಕೇಳಿಸುತ್ತದೆ. ತಂತಿಯಲ್ಲಿ ಹೋಗುವ ಸಿಗ್ನಲ್ ಆ ಹಾರ್ನ್ ತಲುಪಲು ಹೊತ್ತೇ ಬೇಡ. ವೇದಿಕೆಯ ಸ್ಪೀಕರ್‌ನಿಂದ ಹೊರಟ ಶಬ್ದ ಮಾತ್ರ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಬರಬೇಕು. ಕಂಬ 68 ಮೀಟರ್ ದೂರ ಇದ್ದರೆ ಸೆಕೆಂಡಿನ ಐದನೇ ಒಂದು ಭಾಗ ತಡ. ಆ ಎರಡನೇ ಮಾತು ಅದೇ. ಡಿಜಿಟಲ್ ಮಿಕ್ಸರ್‌ನಲ್ಲಿ ಆ ಕಂಬದ ಲೈನಿಗೆ 200 ಮಿಲಿಸೆಕೆಂಡ್ ಡಿಲೇ ಕೊಟ್ಟರೆ ಎರಡೂ ಒಂದಾಗಿ ಕೇಳಿಸುತ್ತವೆ. ಇದಕ್ಕೆ ಬೇಕಾದ ಲೆಕ್ಕ ನಿಮ್ಮ ಮಗನ ಫಸ್ಟ್ ಪಿಯುಸಿ ಫಿಸಿಕ್ಸ್ ಪುಸ್ತಕದ ಕೊನೆಯ ಪಾಠದಲ್ಲೇ ಇದೆ. ಅವನನ್ನು ಕೂರಿಸಿಕೊಂಡು ಇದನ್ನೇ ಕೇಳಿ ನೋಡಿ. ಊರಿನ ಜಾತ್ರೆಯಲ್ಲಿ ಮಾತು ಯಾಕೆ ಎರಡು ಸಲ ಕೇಳಿಸುತ್ತೆ ಅಂತ. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಹುಡುಕಿಕೊಂಡು ಬರುತ್ತಾನಾ ಅನ್ನೋದನ್ನು ನೋಡಿ.

ಬಿಇ ಬೇಕಾ? ನಾಟಕ, ಸಂಗೀತ ಕಾರ್ಯಕ್ರಮ, ಸಿನಿಮಾ, ಟಿವಿ ಚಾನೆಲ್ ಇವುಗಳ ಸೌಂಡ್ ಕೆಲಸಕ್ಕೆ ಬೇಡ. ಡಾಕ್ಟರಿಗೆ, ವಕೀಲರಿಗೆ ಇರುವಂಥ ಲೈಸೆನ್ಸ್ ನಮ್ಮ ಕೆಲಸಕ್ಕಿಲ್ಲ. 'ಇಂಜಿನಿಯರ್' ಅನ್ನುವುದು ಇಲ್ಲಿ ರೂಢಿಯ ಹೆಸರು. ಆದರೆ ಇದೇ ಕ್ಷೇತ್ರದ ಇನ್ನೊಂದು ತುದಿಗೆ ಬಿಇ ಬೇಕೇ ಬೇಕು. ಹೆಡ್‌ಫೋನ್, ಸ್ಪೀಕರ್, ಕಾರಿನ ಆಡಿಯೋ ತಯಾರಿಸುವ ಕಂಪನಿಗಳಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಕೆಲಸ ಇರುತ್ತದೆ. ಹರ್ಮನ್‌ನಂಥ ಕಂಪನಿಯ ದೊಡ್ಡ ಕೇಂದ್ರ ಬೆಂಗಳೂರಿನಲ್ಲೇ ಇದೆ. ಆ ಬಾಗಿಲಿಗೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಬಿಇ ಅಥವಾ ಅದಕ್ಕಿಂತ ಹೆಚ್ಚಿನ ಓದು ಬೇಕು. ಸಭಾಂಗಣ, ಸ್ಟುಡಿಯೋಗಳ ಒಳಗಿನ ಧ್ವನಿ ವಿನ್ಯಾಸ ಮಾಡುವವರಿಗೂ ಗಣಿತ ಜಾಸ್ತಿ ಬೇಕು. ಮಗನಿಗೆ ಯಾವುದು ಇಷ್ಟ ಅಂತ ಕೇಳಿ: ವೇದಿಕೆ ಮುಂದೆ ನಿಂತು ಮಿಕ್ಸ್ ಮಾಡೋದಾ, ಒಳಗಿನ ಸರ್ಕ್ಯೂಟ್ ಬಿಚ್ಚಿ ನೋಡೋದಾ? ಎರಡನೆಯದಾದರೆ ಸಿಇಟಿ ಸೀಟನ್ನು ಬಿಡಬೇಡಿ.

ಸಂಗೀತದ ವಿಷಯ. ಹಾಡಲು, ನುಡಿಸಲು ಬರದೆ ಒಳ್ಳೆಯ ಹೆಸರು ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೇಳಲು ಮಾತ್ರ ಬರಬೇಕು. ನಾನು ಮೊದಲ ಸಲ ಯಕ್ಷಗಾನದ ಆಟಕ್ಕೆ ಸೌಂಡ್ ಮಾಡಿದಾಗ ಎಲ್ಲ ವಾದ್ಯಕ್ಕೂ ಒಂದೊಂದು ಮೈಕ್ ಇಟ್ಟು ಎಲ್ಲವನ್ನೂ ಏರಿಸಿದ್ದೆ. ಚಂಡೆ ಮೈಕ್ ಇಲ್ಲದೆಯೇ ಅರ್ಧ ಊರಿಗೆ ಕೇಳಿಸುವ ವಾದ್ಯ. ಅದು ಭಾಗವತರ ಮೈಕಿಗೂ ನುಗ್ಗುತ್ತಿತ್ತು. ಪದ ಏನೂ ತಿಳಿಯುತ್ತಿರಲಿಲ್ಲ. ಮುಂದೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದು, "ಚಂಡೆಯ ಮೈಕ್ ತೆಗಿ ಮಗಾ, ಭಾಗವತರ ಮೈಕನ್ನ ಬಾಯಿ ಹತ್ತಿರ ತಾ" ಅಂದರು. ಅಷ್ಟೇ ಮಾಡಿದೆ. ಪದ ಬಿಡಿಬಿಡಿಯಾಗಿ ಕೇಳಿಸತೊಡಗಿತು. ಅವರು ಯಾವ ಕೋರ್ಸೂ ಮಾಡಿದವರಲ್ಲ, ನಲವತ್ತು ವರ್ಷ ಆಟ ನೋಡಿದವರು. ನಿಮ್ಮ ಮಗ ಒಂದು ವರ್ಷ ವಾರಕ್ಕೊಮ್ಮೆ ಯಾವುದಾದರೂ ಮೇಷ್ಟ್ರ ಹತ್ತಿರ ತಬಲಾವನ್ನೋ ಹಾರ್ಮೋನಿಯಂ ಅನ್ನೋ ಕಲಿತರೆ ಸಾಕು. ಶ್ರುತಿ ತಪ್ಪಿದ್ದು, ತಾಳ ಜಾರಿದ್ದು ಗೊತ್ತಾಗಬೇಕು. ಅದರ ಜೊತೆ ಹರ್ಟ್ಸ್ (ಸ್ವರ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನುವ ಅಳತೆ) ಲೆಕ್ಕದಲ್ಲಿ ಕೇಳುವ ಅಭ್ಯಾಸವೂ ಬೇಕು. ಮೈಕ್ ಕೂಗಿದಾಗ ಅದು 800 ಹರ್ಟ್ಸಾ, 2500 ಹರ್ಟ್ಸಾ ಅಂತ ಹೇಳಲು ಬಂದರೆ ಎರಡು ಸೆಕೆಂಡಿನಲ್ಲಿ ಆ ಒಂದೇ ಕಡೆ ತಗ್ಗಿಸಬಹುದು. ಬರದವನು ಇಡೀ ಸೌಂಡ್ ಇಳಿಸುತ್ತಾನೆ. ಇದಕ್ಕೆ ಫೋನಿನಲ್ಲಿ ಉಚಿತ ಆ್ಯಪ್‌ಗಳಿವೆ. ದಿನಕ್ಕೆ 20 ನಿಮಿಷ ಸಾಕು.

ಈಗ ಕೋರ್ಸ್. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನೂ ಇಂಥ ಒಂದು ಖಾಸಗಿ ಕೋರ್ಸ್ ಮಾಡಿದವನೇ. ಅಪ್ಪ ಪಿಎಫ್ ದುಡ್ಡು ತೆಗೆದು ಫೀ ಕಟ್ಟಿದ್ದರು. ಒಂದು ಕನ್ಸೋಲ್ (ದೊಡ್ಡ ಮಿಕ್ಸರ್), ಸುತ್ತ ಮೂವತ್ತು ಜನ. ಮುಂದಿನ ಸಾಲಿನವರಿಗೆ ಮೇಷ್ಟ್ರ ಕೈ ಕಾಣುತ್ತಿತ್ತು, ಹಿಂದಿನವರಿಗೆ ಮೇಷ್ಟ್ರ ಬೆನ್ನು. ಇಡೀ ಕೋರ್ಸಿನಲ್ಲಿ ನಾನು ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಮುಟ್ಟಿದ್ದು ಎಲ್ಲ ಸೇರಿ ನಾಲ್ಕೈದು ಗಂಟೆ ಇರಬಹುದು. ಮುಗಿದ ಮೇಲೆ 'ಪ್ಲೇಸ್‌ಮೆಂಟ್' ಅಂತ ಒಂದು ಸ್ಟುಡಿಯೋಗೆ ಕಳಿಸಿದರು. ಮೂರು ತಿಂಗಳು ಸಂಬಳ ಇಲ್ಲದ ಇಂಟರ್ನ್‌ಶಿಪ್. ಕಾಫಿ ತರೋದು, ಹಾರ್ಡ್ ಡಿಸ್ಕಿಗೆ ಹೆಸರು ಅಂಟಿಸೋದು. ಅಪ್ಪನಿಗೆ ಇದನ್ನು ಹೇಳಲು ನನಗೆ ಎರಡು ವರ್ಷ ಬೇಕಾಯಿತು.

ಹಾಗಂತ ಎಲ್ಲ ಖಾಸಗಿ ಕೋರ್ಸೂ ಮೋಸ ಅನ್ನಲಾರೆ. ಚೆನ್ನಾಗಿ ಕಲಿಸುವವರೂ ಇದ್ದಾರೆ. ಆದರೆ 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅನ್ನುವ ಮಾತನ್ನು ಮಾತ್ರ ಬದಿಗಿಡಿ. ನಮ್ಮ ಕ್ಷೇತ್ರದಲ್ಲಿ ಕ್ಯಾಂಪಸ್ಸಿಗೆ ಬಂದು ಸಾಲಾಗಿ ಕೆಲಸ ಕೊಡುವ ಕಂಪನಿಗಳು ಕಡಿಮೆ. ಕೆಲಸ ಬರುವುದು ಫೋನಿನಲ್ಲಿ: "ನಾಳೆ ಬೆಳಿಗ್ಗೆ ಮೈಸೂರಲ್ಲಿ ಶೋ ಇದೆ, ಒಬ್ಬ ಹುಡುಗ ಬೇಕು, ಯಾರಿದ್ದಾರೆ?" ಆಗ ನೆನಪಿಗೆ ಬರುವುದು ಹಿಂದಿನ ಶೋನಲ್ಲಿ ಹೊತ್ತಿಗೆ ಸರಿಯಾಗಿ ಬಂದು, ಕೇಬಲ್ ಸರಿಯಾಗಿ ಸುತ್ತಿಟ್ಟು ಹೋದವನು. ಸರ್ಟಿಫಿಕೇಟ್ ತೋರಿಸು ಅಂತ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ.

ಕೇಬಲ್ ಅಂದೆನಲ್ಲ, ಅದನ್ನೂ ಹೇಳುತ್ತೇನೆ. ಹೊಸ ಹುಡುಗ ಬಂದರೆ ನಾನು ಮೊದಲು ನೋಡೋದು ಅದನ್ನೇ. ಹಗ್ಗ ಸುತ್ತಿದ ಹಾಗೆ ಮೊಣಕೈಗೆ ಸುತ್ತಿದರೆ ಒಳಗಿನ ತಂತಿ ಪ್ರತಿ ಸುತ್ತಿಗೂ ತಿರುಚಿಕೊಳ್ಳುತ್ತದೆ. ಕೆಲವೇ ಸೀಸನ್‌ನಲ್ಲಿ ಕರಕರ ಅನ್ನಲು ಶುರು. ಸರಿಯಾದ ಕ್ರಮದಲ್ಲಿ ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಮಣಿಕಟ್ಟು ತಿರುಗಿಸಿ ಒಳಗಿನಿಂದ. ಹಾಗೆ ಸುತ್ತಿದ್ದನ್ನು ಒಂದು ತುದಿ ಹಿಡಿದು ಎಸೆದರೆ ಇಪ್ಪತ್ತು ಮೀಟರ್ ಕೇಬಲ್ ಒಂದೂ ಗಂಟಿಲ್ಲದೆ ನೆಲದ ಮೇಲೆ ನೇರ ಬಿದ್ದುಕೊಳ್ಳುತ್ತದೆ. ನಿಮ್ಮ ಮಗ ಮೂರು ವರ್ಷ ಸೌಂಡ್ಸ್‌ನವರ ಜೊತೆ ಹೋಗಿದ್ದಾನೆ ಅಂದರೆ ಇದು ಬಂದಿರಬೇಕು. ಬಂದಿದ್ದರೆ, ಆ ಸಂಸ್ಥೆಗೆ ಸೇರುವ ಎಷ್ಟೋ ಹುಡುಗರಿಗಿಂತ ಅವನು ಮುಂದಿದ್ದಾನೆ.

ಹಾಗಾದರೆ ಓದು ಯಾಕೆ, ಕೆಲಸ ಮಾಡುತ್ತಲೇ ಕಲಿಯಬಹುದಲ್ವಾ ಅಂತ ಕೇಳಬಹುದು. ಒಂದು ಘಟನೆ ಹೇಳುತ್ತೇನೆ. ಒಂದು ಕಾಲೇಜು ವಾರ್ಷಿಕೋತ್ಸವ. ಕೀಬೋರ್ಡ್ ಸಿಕ್ಕಿಸಿದ ಕೂಡಲೇ ಸ್ಪೀಕರ್‌ನಲ್ಲಿ 'ಹಮ್ಮ್...' ಅಂತ ಶುರು. ನಮ್ಮ ಕರೆಂಟ್ 50 ಹರ್ಟ್ಸ್, ಅದೇ ಸ್ವರ. ಕೀಬೋರ್ಡಿಗೆ ಕರೆಂಟ್ ವೇದಿಕೆಯ ಪ್ಲಗ್‌ನಿಂದ, ಮಿಕ್ಸರ್‌ಗೆ ಹಾಲ್‌ನ ಆ ತುದಿಯ ಪ್ಲಗ್‌ನಿಂದ. ಎರಡು ಕಡೆಯ ಅರ್ಥ್ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ. ಅದರಿಂದಾಗಿ ಆಡಿಯೋ ಕೇಬಲ್‌ನ ಶೀಲ್ಡ್ (ತಂತಿಯ ಸುತ್ತಲಿನ ಲೋಹದ ಹೊದಿಕೆ) ಮೂಲಕ ಕರೆಂಟ್ ಹರಿಯುತ್ತಿತ್ತು. ಜೊತೆಗಿದ್ದ ಒಬ್ಬ ಅನುಭವಸ್ಥ ಹುಡುಗ ಕಟಿಂಗ್ ಪ್ಲೇಯರ್ ತೆಗೆದು ಕೀಬೋರ್ಡ್ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸಲು ಹೊರಟ. ಹಮ್ ನಿಲ್ಲುತ್ತದೆ, ನಿಜ. ಆದರೆ ನಾಳೆ ಒಳಗೆ ಲೀಕೇಜ್ ಆದರೆ ಅದನ್ನು ಮುಟ್ಟಿದವನ ಜೀವ ಹೋಗಬಹುದು. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಎಳೆದು, ನಡುವೆ ಡಿಐ ಬಾಕ್ಸ್ (ವಾದ್ಯವನ್ನು ಮಿಕ್ಸರಿಗೆ ಜೋಡಿಸುವ ಸಣ್ಣ ಪೆಟ್ಟಿಗೆ) ಹಾಕಿ ಅದರ ಗ್ರೌಂಡ್ ಲಿಫ್ಟ್ ಒತ್ತಿದೆವು. ಆಡಿಯೋ ಕೇಬಲ್ಲಿನ ಅರ್ಥ್ ಸಂಪರ್ಕ ಮಾತ್ರ ಬಿಡಿಸುವ ಸ್ವಿಚ್ ಅದು, ಕರೆಂಟಿನ ಅರ್ಥ್ ಹಾಗೇ ಇರುತ್ತದೆ. ಮುಗಿಯಿತು. ಆ ಹುಡುಗ ಕೆಲಸದಲ್ಲಿ ಚುರುಕು, ನಿಯತ್ತಿನವನು. ಹೀಗೇಕೆ ಮಾಡಬಾರದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಓದು ಬೇಕಾಗಿರುವುದು ಇದಕ್ಕೆ. ನಿಮ್ಮ ಮಗ ಎಲೆಕ್ಟ್ರಾನಿಕ್ಸ್ ಓದಿರುವುದು ನನಗೆ ಈ ಕಾರಣಕ್ಕೇ ಸಮಾಧಾನ ತಂದಿತು.

ಇನ್ನು ದಾರಿಗಳು. ಹೆಸರಘಟ್ಟದಲ್ಲಿ ರಾಜ್ಯ ಸರ್ಕಾರದ ಫಿಲಂ ಅಂಡ್ ಟೆಲಿವಿಷನ್ ಸಂಸ್ಥೆ ಇದೆ. ಧ್ವನಿಗ್ರಹಣದಲ್ಲಿ ಮೂರು ವರ್ಷದ ಡಿಪ್ಲೊಮಾ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಹಿಂದೆ ಇದ್ದ ಕೋರ್ಸಿನ ಮುಂದುವರಿಕೆ ಅದು. ಛಾಯಾಗ್ರಾಹಕ ವಿ.ಕೆ. ಮೂರ್ತಿ ಕ್ಯಾಮೆರಾ ಕೆಲಸ ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲೇ. ಸರ್ಕಾರಿ ಫೀ, ಹಾಗಾಗಿ ತೋಟಕ್ಕೆ ಕೈ ಹಚ್ಚಬೇಕಿಲ್ಲ. ಈ ವರ್ಷದ ಪ್ರವೇಶ ಪ್ರಕಟಣೆ ಓದಿ, ಒಂದು ದಿನ ಮಗನ ಜೊತೆ ಹೋಗಿ ಬನ್ನಿ. ಆಫೀಸಿನಲ್ಲಿ ಕೇಳಿದ್ದು ಸಾಲದು, ಓದುತ್ತಿರುವ ಹುಡುಗರನ್ನೂ ಮಾತಾಡಿಸಿ.

ಎರಡನೇ ದಾರಿ ಉದ್ದ, ಆದರೆ ನನಗೆ ಇಷ್ಟವಾದದ್ದು. ಪುಣೆಯ ಎಫ್‌ಟಿಐಐ (ಕೇಂದ್ರ ಸರ್ಕಾರದ ಫಿಲಂ ಅಂಡ್ ಟೆಲಿವಿಷನ್ ಸಂಸ್ಥೆ) ಶುರುವಾದದ್ದು 1960ರಲ್ಲಿ. ಅಲ್ಲಿ ಸೌಂಡ್ ರೆಕಾರ್ಡಿಂಗ್ ಮತ್ತು ಸೌಂಡ್ ಡಿಸೈನ್ ಮೂರು ವರ್ಷದ ಕೋರ್ಸ್. ಸೇರಲು ಯಾವುದಾದರೂ ಡಿಗ್ರಿ ಬೇಕು, ಜೊತೆಗೆ ಪಿಯುಸಿಯಲ್ಲಿ ಫಿಸಿಕ್ಸ್ ಓದಿರಬೇಕು. ಕೋಲ್ಕತ್ತದ ಸತ್ಯಜಿತ್ ರಾಯ್ ಫಿಲಂ ಸಂಸ್ಥೆಯಲ್ಲೂ ಡಿಗ್ರಿ ಆದ ಮೇಲೆ ಸೌಂಡ್ ಕಲಿಯಬಹುದು. ಸೌಂಡ್ ಕೆಲಸಕ್ಕೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಕೇರಳದ ಹಳ್ಳಿಯಿಂದ ಬಂದವರು, 1995ರಲ್ಲಿ ಎಫ್‌ಟಿಐಐನಿಂದ ಹೊರಬಂದರು. ಈ ದಾರಿಯ ಅಪಾಯವೂ ಹೇಳಬೇಕು. ಸೀಟು ಬೆರಳೆಣಿಕೆಯಷ್ಟು, ಇಡೀ ದೇಶದಿಂದ ಪೈಪೋಟಿ. ಸಿಗದೇ ಹೋಗಬಹುದು. ಆದರೆ ಸಿಗದಿದ್ದರೂ ಕೈಯಲ್ಲಿ ಒಂದು ಡಿಗ್ರಿ ಇರುತ್ತದೆ.

ಮೂರನೆಯದು, ಬೆಂಗಳೂರಿನ ಯಾವುದಾದರೂ ಸೌಂಡ್ ಬಾಡಿಗೆ ಕಂಪನಿಗೆ ನೇರ ಸೇರುವುದು. ಕಲಿಕೆ ವೇಗವಾಗಿ ಆಗುತ್ತದೆ. ಆದರೆ ಮೊದಲ ಎರಡು ವರ್ಷ ಸಂಬಳ ಪಿಜಿ ಬಾಡಿಗೆ, ಊಟಕ್ಕೆ ಸರಿಹೋದರೆ ಹೆಚ್ಚು. ರಾತ್ರಿ ಎರಡಕ್ಕೆ ಲಾರಿ ತುಂಬಿಸಿ, ಬೆಳಿಗ್ಗೆ ಆರಕ್ಕೆ ಇನ್ನೊಂದು ಊರಿನಲ್ಲಿ ಇಳಿಸಬೇಕು. 19 ವರ್ಷಕ್ಕೆ ಇದು ಖುಷಿ ಕೊಡುತ್ತದೆ. 35ಕ್ಕೆ ಬೆನ್ನು ಮಾತಾಡಲು ಶುರು ಮಾಡುತ್ತದೆ. ಅಷ್ಟರೊಳಗೆ ಬಾಕ್ಸ್ ಹೊರುವುದರಿಂದ ಕನ್ಸೋಲಿಗೆ ಬಡ್ತಿ ಸಿಗದಿದ್ದರೆ ಕಷ್ಟ.

ಆದಾಯದ ಬಗ್ಗೆ ಮುಚ್ಚುಮರೆ ಬೇಡ. ಲೈವ್ ಕೆಲಸ ಸೀಸನ್ ನಂಬಿದ್ದು. ಗಣೇಶನಿಂದ ಹಿಡಿದು ದಸರಾ, ರಾಜ್ಯೋತ್ಸವ, ಮದುವೆ, ಜಾತ್ರೆ ಅಂತ ಬೇಸಿಗೆವರೆಗೂ ಬಿಡುವಿಲ್ಲ. ಆಷಾಢ ಬಂತೆಂದರೆ ಫೋನ್ ಸುಮ್ಮನಾಗುತ್ತದೆ. 2020ರಲ್ಲಿ ಕೊರೊನಾ ಬಂದಾಗ ನಮ್ಮವರು ಎಷ್ಟೋ ಜನ ಮಿಕ್ಸರ್ ಮಾರಿ ತರಕಾರಿ ಗಾಡಿ ಹಾಕಿದರು. ಅದಕ್ಕೇ ಒಂದು ಕಾಲು ಗಟ್ಟಿ ನೆಲದ ಮೇಲಿರಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೆಂಗಳೂರಿನ ಆಫೀಸುಗಳಲ್ಲಿ ಮೀಟಿಂಗ್ ರೂಮು, ಸಭಾಂಗಣಗಳಿಗೆ ಆಡಿಯೋ-ವಿಡಿಯೋ ಅಳವಡಿಸುವ ಕೆಲಸ ತುಂಬಾ ಇದೆ. ತಿಂಗಳ ಸಂಬಳ, ಹಗಲು ಕೆಲಸ. ಅಲ್ಲಿ ನೆಟ್‌ವರ್ಕ್ ಕೇಬಲ್ ಮೇಲೆ ಆಡಿಯೋ ಕಳಿಸುವ ಡಾಂಟೆ ಅನ್ನುವ ವ್ಯವಸ್ಥೆ ಗೊತ್ತಿರಬೇಕು. ಅದರ ತರಬೇತಿ ಮತ್ತು ಸರ್ಟಿಫಿಕೇಟ್ ಆನ್‌ಲೈನ್‌ನಲ್ಲಿ ಉಚಿತ. ನಿಮ್ಮ ಮಗ ಈ ರಜೆಯಲ್ಲೇ ಮೊದಲ ಹಂತ ಮುಗಿಸಬಹುದು.

ಕಿವಿಯ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಯಾವ ಅಪ್ಪನೂ ಇದನ್ನು ಕೇಳುವುದಿಲ್ಲ. ಹೌದು, ಹಾಳಾಗುತ್ತದೆ. ನನ್ನ ಎಡಗಿವಿಯಲ್ಲಿ ಹತ್ತು ವರ್ಷದಿಂದ ಜೀರುಂಡೆ ಕೂಗಿದ ಹಾಗೆ ಒಂದು ಸದ್ದು ಇದೆ. ರಾತ್ರಿ ಊರೆಲ್ಲ ಮಲಗಿದಾಗ ಅದೊಂದೇ ಎದ್ದಿರುತ್ತದೆ. ವಾಸಿಯಾಗುವುದಿಲ್ಲ ಅಂದಿದ್ದಾರೆ ಡಾಕ್ಟರು. ಕೆಲಸದ ಜಾಗದ ಸುರಕ್ಷತೆಗೆ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿಕೊಟ್ಟ ಲೆಕ್ಕ ಹೀಗಿದೆ: 85 ಡೆಸಿಬೆಲ್‌ನಲ್ಲಿ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ಡಿಜೆ ಬಾಕ್ಸ್ ಪಕ್ಕ ನಿಂತರೆ ಅದನ್ನೂ ಮೀರುತ್ತದೆ. ಸಂಗೀತಗಾರರು ಹಾಕಿಕೊಳ್ಳುವ ಇಯರ್‌ಪ್ಲಗ್ ಸಿಗುತ್ತದೆ, ಸದ್ದು ಕಡಿಮೆ ಮಾಡಿದರೂ ಮಾತು, ಸ್ವರ ಸ್ಪಷ್ಟವಾಗಿ ಕೇಳಿಸುತ್ತದೆ. ಅವನಿಗೆ ಕೊಡಿಸುವ ಮೊದಲ ಸಾಮಾನು ಅದೇ ಆಗಲಿ. ವರ್ಷಕ್ಕೊಮ್ಮೆ ಆಡಿಯೋಗ್ರಾಂ (ಕಿವಿ ಎಷ್ಟು ಕೇಳಿಸುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ, ರಿಪೋರ್ಟ್ ಎತ್ತಿಡಿ.

ನನ್ನ ಮಗನೇ ಆಗಿದ್ದರೆ ನಾನು ಏನು ಮಾಡುತ್ತಿದ್ದೆ? ಹೆಸರಘಟ್ಟಕ್ಕೆ ಅರ್ಜಿ ಹಾಕಿಸುತ್ತಿದ್ದೆ. ಅಲ್ಲಿ ಸಿಗದಿದ್ದರೆ ಚಿತ್ರದುರ್ಗ ಅಥವಾ ದಾವಣಗೆರೆಯ ಸರ್ಕಾರಿ ಕಾಲೇಜಿನಲ್ಲಿ ಫಿಸಿಕ್ಸ್ ಇರುವ ಬಿಎಸ್ಸಿ. ವಾರದ ಕೊನೆಗೆ, ಹಬ್ಬಕ್ಕೆ ಸೌಂಡ್ಸ್‌ನವರ ಜೊತೆ ಹೋಗುವುದು ನಿಲ್ಲಿಸಬಾರದು. ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಎರಡು ಚಾನೆಲ್‌ನ ಒಂದು ಆಡಿಯೋ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ), ಒಂದು ಹೆಡ್‌ಫೋನ್, ಒಂದು ಒಳ್ಳೆಯ ಮೈಕ್. ಲ್ಯಾಪ್‌ಟಾಪ್ ಬಿಟ್ಟು ಮೂವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ. ಶ್ಯೂರ್ ಎಸ್ಎಂ58 ಮೈಕ್ 1966ರಲ್ಲಿ ಬಂದದ್ದು, ಇವತ್ತಿಗೂ ಎಲ್ಲ ವೇದಿಕೆಯಲ್ಲೂ ಇದೆ. ಡೂಪ್ಲಿಕೇಟ್ ಜಾಸ್ತಿ, ಬಿಲ್ ಕೊಡುವ ಅಧಿಕೃತ ಡೀಲರ್ ಹತ್ತಿರವೇ ತೊಗೊಳ್ಳಿ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ 60 ದಿನ ಉಚಿತವಾಗಿ ಬಳಸಿ ನೋಡಬಹುದು, ಆಮೇಲಿನ ಲೈಸೆನ್ಸೂ ದುಬಾರಿ ಅಲ್ಲ. ಊರಿನ ಭಜನೆ ಮಂಡಳಿಯನ್ನು, ಸೋಬಾನೆ ಹಾಡುವ ಅಜ್ಜಿಯರನ್ನು ರೆಕಾರ್ಡ್ ಮಾಡಲಿ. ಹತ್ತು ರೆಕಾರ್ಡಿಂಗ್ ಆದ ಮೇಲೆ ಮೊದಲನೆಯದನ್ನು ಕೇಳಿಸಿಕೊಂಡರೆ ತಾನೆಷ್ಟು ಕಲಿತೆ ಅಂತ ಅವನಿಗೇ ಗೊತ್ತಾಗುತ್ತದೆ.

ಇಷ್ಟಾದ ಮೇಲೂ ಅದೇ ಖಾಸಗಿ ಸಂಸ್ಥೆ ಬೇಕು ಅಂತಿದ್ದರೆ ಮೂರು ಮಾತು ಬರವಣಿಗೆಯಲ್ಲಿ ಕೇಳಿ. ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಗಂಟೆ ಒಬ್ಬನೇ ಕನ್ಸೋಲ್ ಮೇಲೆ ಕೂರಲು ಸಿಗುತ್ತದೆ? ಕಳೆದ ವರ್ಷ ಮುಗಿಸಿದವರಲ್ಲಿ ಐದು ಜನರ ಜೊತೆ ನಾವೇ ಮಾತಾಡಬಹುದಾ? ಡಿಪ್ಲೊಮಾ ಯಾವ ವಿಶ್ವವಿದ್ಯಾಲಯದ ಅಥವಾ ಮಂಡಳಿಯ ಮಾನ್ಯತೆ ಪಡೆದದ್ದು? ಮೂರನೆಯದಕ್ಕೆ ಉತ್ತರ ಪರೀಕ್ಷಿಸಲು ನಿಮ್ಮೂರಿನ ಬ್ಯಾಂಕಿಗೆ ಹೋಗಿ ಈ ಕೋರ್ಸಿಗೆ ಶಿಕ್ಷಣ ಸಾಲ ಕೊಡುತ್ತೀರಾ ಅಂತ ಕೇಳಿ. ಮಾನ್ಯತೆ ಇಲ್ಲದ ಕೋರ್ಸಿಗೆ ಮ್ಯಾನೇಜರ್ ತಲೆ ಅಲ್ಲಾಡಿಸುತ್ತಾರೆ. ಸಂಸ್ಥೆಯವರೇ 'ನಮ್ಮ ಫೈನಾನ್ಸ್‌ನವರು ಇಲ್ಲೇ ಇದ್ದಾರೆ, ಅರ್ಧ ಗಂಟೆಯಲ್ಲಿ ಲೋನ್' ಅಂದರೆ ಸಹಿ ಹಾಕಬೇಡಿ. ಬಡ್ಡಿ ಎಷ್ಟು, ಮಗ ಮಧ್ಯದಲ್ಲಿ ಬಿಟ್ಟರೆ ಸಾಲ ಏನಾಗುತ್ತೆ ಅನ್ನೋ ಕಾಗದವನ್ನು ಮನೆಗೆ ತಂದು ಓದಿ.

ಬುಕಿಂಗ್ ಕಟ್ಟಿದ 10,000 ರೂಪಾಯಿ ಇದೆಯಲ್ಲ. ರಸೀದಿ ತೆಗೆದು ಅದರ ಹಿಂದೆ ಮುಂದೆ ಏನು ಬರೆದಿದೆ ನೋಡಿ. ವಾಪಸ್ ಬೇಕು ಅಂತ ಇಮೇಲ್ ಮಾಡಿ. ಫೋನಿನಲ್ಲಿ ಆಡಿದ ಮಾತು ನಿಲ್ಲುವುದಿಲ್ಲ. 15 ದಿನ ಕಾದು ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ರಸೀದಿ ಮತ್ತು ಇಮೇಲ್ ಪ್ರತಿ ಕೈಯಲ್ಲಿರಲಿ. ಬಂದರೆ ಆ ದುಡ್ಡಿನಲ್ಲಿ ಮಗನಿಗೆ ಮೈಕ್ ಕೊಡಿಸಿ. ಬರದೇ ಹೋದರೂ, ಕಟ್ಟಿಬಿಟ್ಟಿದ್ದೀವಲ್ಲ ಅನ್ನುವ ಒಂದೇ ಕಾರಣಕ್ಕೆ ಉಳಿದ 6.4 ಲಕ್ಷ ಕಟ್ಟಲು ಹೋಗಬೇಡಿ.